"ಪ್ರಾರ್ಥಿಸ್ತೀವಿ" ಎಂದ ಮೇಲೆ: ವಿಶ್ವಾಸದ ಸಾಹಸಕ್ಕೆ ಸಭೆ ಹೆಗಲು ಕೊಡುವುದು ಹೇಗೆ

ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಒಬ್ಬಾಕೆ, "ಸ್ಕೂಲ್ ಕೆಲಸ ಬಿಟ್ಟು ತೋಟದ ಲೈನ್ ಮನೆ ಮಕ್ಕಳಿಗೆ ಪಾಠ ಹೇಳಬೇಕು ಅಂತ ಇದೀನಿ" ಎಂದರೆ ಸುತ್ತಲಿದ್ದವರ ಬಾಯಲ್ಲಿ ಬರುವುದು ಒಂದೇ ಮಾತು: "ಒಳ್ಳೇದಮ್ಮ, ಪ್ರಾರ್ಥಿಸ್ತೀವಿ." ಹೇಳುವವರಲ್ಲಿ ಕಪಟವಿಲ್ಲ. ಆದರೆ ಆ ಮಾತಿನ ಬೆನ್ನಿಗೆ ವಾರಕ್ಕೊಂದು ಬೆಳಗ್ಗೆಯೋ, ತಿಂಗಳಿಗೆ ಐನೂರು ರೂಪಾಯಿಯೋ, ಎರವಲು ಕೊಡುವ ಒಂದು ಸ್ಕೂಟರೋ ಇಲ್ಲದಿದ್ದರೆ ಫೆಬ್ರವರಿ ಹೊತ್ತಿಗೆ ಆಕೆ ಸೋತು ಮನೆಗೆ ಬಂದಿರುತ್ತಾಳೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ. ಆ ಕಡ್ಡಿಗಳನ್ನು ಮೊದಲೇ ಎಣಿಸಿ, ಯಾರದು ಎಷ್ಟು ಎಂದು ಬರೆದಿಟ್ಟು, ಆಮೇಲೆ ಹೆಜ್ಜೆ ಇಡುವ ಕ್ರಮ ಇಲ್ಲಿದೆ. ಉದ್ದಕ್ಕೂ ಉದಾಹರಣೆಗೆ ಈ ಟೀಚರನ್ನೇ ಇಟ್ಟುಕೊಂಡಿದ್ದೇವೆ. ಲೈನ್ ಎಂದರೆ ಕಾಫಿ ತೋಟದ ಕೂಲಿಯವರು ಇರುವ ಸಾಲುಮನೆ. ಲಂಚ ಕೊಡುವುದಿಲ್ಲ ಎಂದು ಕೂರುವವರಿಗೂ, ಸಾಲ ಮಾಡದೆ ಮದುವೆ ಮಾಡುತ್ತೇವೆ ಎನ್ನುವ ಮನೆಗೂ, ಹತ್ತು ವರ್ಷ ಮಾತು ಬಿಟ್ಟ ದಾಯಾದಿಯ ಮನೆ ಬಾಗಿಲು ತಟ್ಟಲು ಹೊರಟವರಿಗೂ ಇದೇ ಕ್ರಮ ಸಲ್ಲುತ್ತದೆ.

ಒಪ್ಪಿಗೆ ಕೇಳುವ ದಾರಿ ಮಾತ್ರ ಸಭೆಯಿಂದ ಸಭೆಗೆ ಬೇರೆ. ಕ್ಯಾಥೊಲಿಕರ ಚಿಕ್ಕಮಗಳೂರು ಧರ್ಮಕ್ಷೇತ್ರ 1963ರಲ್ಲಿ ಆದದ್ದು, ಹಾಸನ ಜಿಲ್ಲೆಯೂ ಅದಕ್ಕೇ ಸೇರುತ್ತದೆ. ಅಲ್ಲಿಯ ಧರ್ಮಕೇಂದ್ರಗಳಲ್ಲಿ ಚರ್ಚಿನ ಹೆಸರಿನಲ್ಲಿ ಹಣ ಎತ್ತುವುದಾದರೆ ಫಾದರ್ ಮತ್ತು ಪಾಲನಾ ಪರಿಷತ್ತಿಗೆ ಮೊದಲು ಹೇಳಬೇಕು. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆದರೆ ಸಭಾಪಾಲಕ ಅಯ್ಯನವರಿಗೆ, ಸಭಾ ಕಮಿಟಿಗೆ. ಸ್ವತಂತ್ರ ಸಭೆಗಳಲ್ಲಿ ಪಾಸ್ಟರಿಗೆ, ಹಿರಿಯರಿಗೆ. ಐದು ಜನ ಕೂತು ಒಬ್ಬರ ಮಾತು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೂ ಒಂದು ಮಾತು ಕಿವಿಗೆ ಹಾಕಿಡಿ. ಮೂರನೆಯವರಿಂದ ಗೊತ್ತಾದರೆ ಆಗುವ ಬೇಸರ ಕೆಲಸವನ್ನೇ ಕೆಡಿಸುತ್ತದೆ.

ಮೊದಲು: ಇದು ಸಾಹಸವೇ, ಹುಂಬತನವೇ?

ಮೇಲೆ ಬಿದ್ದ ಕಷ್ಟವನ್ನು ಸಾಹಸ ಎನ್ನಬೇಡಿ. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿಗೆ ಶೆಟ್ಟಿಹಳ್ಳಿಯವರು ಊರು ಬಿಟ್ಟರು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಅಲ್ಲಿ ಕಟ್ಟಿದ ರೋಜರಿ ಚರ್ಚು ಈಗಲೂ ಮಳೆಗಾಲದಲ್ಲಿ ನೀರೊಳಗೆ ನಿಲ್ಲುತ್ತದೆ. ಆ ಜನ ಆರಿಸಿಕೊಂಡು ಹೋದವರಲ್ಲ. ಅಂಥವರಿಗೆ ಬೇಕಾದದ್ದು ಆಸರೆ. ಧೈರ್ಯದ ಪ್ರಸಂಗ ಅವರ ಮುಂದೆ ಮಾಡಬಾರದು. ಇಲ್ಲಿ ಹೇಳುತ್ತಿರುವುದು ಬಿಡಬಹುದಾಗಿದ್ದರೂ ಬಿಡದೆ ಎತ್ತಿಕೊಳ್ಳುವ ಹೊಣೆಯ ಮಾತು.

ಸಾಹಸಕ್ಕೂ ಹುಂಬತನಕ್ಕೂ ಗೆರೆ ಎಳೆಯಲು ಸುವಾರ್ತೆಯ ಎರಡು ಪ್ರಸಂಗ ಅಕ್ಕಪಕ್ಕ ಇಟ್ಟು ಓದಿ. ಮತ್ತಾಯ 14ರಲ್ಲಿ ಪೇತ್ರ ದೋಣಿಯಿಂದ ಇಳಿಯುವ ಮೊದಲು ಅಪ್ಪಣೆ ಕೇಳುತ್ತಾನೆ, "ಬಾ" ಎಂದ ಮೇಲೆಯೇ ಕಾಲು ಹೊರಗಿಡುತ್ತಾನೆ. ಮತ್ತಾಯ 4ರಲ್ಲಿ ದೇವಾಲಯದ ತುದಿಯಿಂದ ಧುಮುಕು ಎಂದದ್ದು ಸೈತಾನ, ಯೇಸು ಧುಮುಕಲಿಲ್ಲ. ಧುಮುಕಿದ್ದರೆ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ, ಯಾರ ಗಾಯವೂ ಮಾಯುತ್ತಿರಲಿಲ್ಲ, ಜನ ಬಾಯಿ ಬಿಟ್ಟು ನೋಡುತ್ತಿದ್ದರು ಅಷ್ಟೆ. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ: ಇದು ಫಲಿಸಿದರೆ ಯಾರಿಗೆ ಏನು ಸಿಗುತ್ತದೆ? "ನನ್ನ ವಿಶ್ವಾಸ ಬೆಳೆಯುತ್ತದೆ" ಎಂಬುದೊಂದೇ ಉತ್ತರವಾದರೆ ಇನ್ನೂ ಸ್ವಲ್ಪ ದಿನ ಕಾಯಿರಿ.

ಎರಡನೆಯದು, ಸೋತರೆ ಹೋಗುವುದು ಯಾರದು? ನಿಮ್ಮದೇ ಉಳಿತಾಯ, ನಿಮ್ಮದೇ ಬಿಡುವು, ನಿಮ್ಮದೇ ಹೆಸರು ಹೋಗುವುದಾದರೆ ಪಣಕ್ಕಿಡಲು ಹಕ್ಕಿದೆ. ತಾಯಿಯ ಔಷಧಿ ದುಡ್ಡು, ಮಗಳ ಫೀಸು, ತಮ್ಮನ ಪಾಲಿನ ಜಮೀನು ಒಳಗೆ ಬಂದರೆ ಅವರ ಒಪ್ಪಿಗೆ ಅವರ ಬಾಯಿಂದಲೇ ಬರಬೇಕು. ಮನೆಯ ಪತ್ರ ಅಡವಿಟ್ಟು "ದೇವರು ಒದಗಿಸುತ್ತಾರೆ" ಎನ್ನುವುದನ್ನು ಯಾವ ಸಭೆಯೂ ಬೆಂಬಲಿಸಬಾರದು. ಈ ಒಂದು ವಿಷಯದಲ್ಲಿ ನಮಗೆ ದಾಕ್ಷಿಣ್ಯವಿಲ್ಲ.

ಇಷ್ಟಾದ ಮೇಲೆ ವಿಷಯವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಯಾರಿಗಾಗಿ, ಏನು, ಯಾವಾಗಿಂದ ಯಾವಾಗಿನವರೆಗೆ, ನಾನು ಬಿಡುವುದೇನು: ನಾಲ್ಕೂ ಅದರಲ್ಲಿರಬೇಕು. "ಮಕ್ಕಳ ಸೇವೆ ಮಾಡಬೇಕು" ಎಂದರೆ ಸಾಲದು. "ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ, ಸಂಬಳ ಬಿಟ್ಟು, ಮೂಡಿಗೆರೆ ಕಡೆಯ ಒಂದು ತೋಟದ ಲೈನಿನಲ್ಲಿ ಶಾಲೆಗೆ ಹೋಗದ 25 ಮಕ್ಕಳಿಗೆ ಬೆಳಗ್ಗೆ 10ರಿಂದ 1ರವರೆಗೆ ಓದುಬರಹ ಕಲಿಸಿ, ಮುಂದೆ ಸರ್ಕಾರಿ ಶಾಲೆಗೆ ಸೇರಿಸುತ್ತೇನೆ" ಎಂದರೆ ಅದರ ಮೇಲೆ ಪ್ರಶ್ನೆ ಕೇಳಬಹುದು, ಲೆಕ್ಕ ಹಾಕಬಹುದು. ಕೊನೆಯ ದಿನಾಂಕ ಇಲ್ಲದ ಸಾಹಸಕ್ಕೆ ಜನ ಸೇರುವುದಿಲ್ಲ, ಸೇರಿದರೂ ನಿಲ್ಲುವುದಿಲ್ಲ.

ಐದು ಜನರ ಬಳಗ

ಐದು, ಹೆಚ್ಚೆಂದರೆ ಆರು. ಮೂವರಾದರೆ ಒಬ್ಬರು ತಪ್ಪಿದ ದಿನ ಕೂಟ ನಿಲ್ಲುತ್ತದೆ, ಎಂಟಾದರೆ ಭಾಷಣ ಶುರುವಾಗುತ್ತದೆ.

ಆರಿಸುವಾಗ ಆಗುವ ತಪ್ಪು ಎಲ್ಲ ಕಡೆಯೂ ಒಂದೇ: ನಮ್ಮನ್ನು ಮೆಚ್ಚುವವರನ್ನೇ ಕರೆಯುವುದು. ಬಳಗದಲ್ಲಿ ದುಡ್ಡಿನ ಲೆಕ್ಕ ಬಲ್ಲವರೊಬ್ಬರು ಇರಲಿ. ಬ್ಯಾಂಕಿನಿಂದ ನಿವೃತ್ತರಾದವರು, ತೋಟದ ರೈಟರ್, ಸ್ವಸಹಾಯ ಸಂಘದ ಪುಸ್ತಕ ಬರೆಯುವ ಅಕ್ಕ, ಯಾರಾದರೂ ಸರಿ. ಹೊರಟ ಕೆಲಸ ಒಳಗಿಂದ ಗೊತ್ತಿರುವವರೊಬ್ಬರು ಬೇಕು. ನಮ್ಮ ಉದಾಹರಣೆಗೆ ಲೈನಿನಲ್ಲೇ ಬೆಳೆದವರು ಅಥವಾ ಅಂಗನವಾಡಿ ಕಾರ್ಯಕರ್ತೆ. ನಿಷ್ಠುರವಾಗಿ ಮಾತಾಡುವವರೊಬ್ಬರು ಇರಲೇಬೇಕು. ಹೊರಟವರು ಹೆಂಗಸಾದರೆ ಬಳಗದಲ್ಲಿ ಕನಿಷ್ಠ ಇಬ್ಬರು ಹೆಂಗಸರು.

ಸಾಲ ಕೊಟ್ಟವರು, ಸಾಲ ಪಡೆದವರು, ಸದ್ಯದ ಮಾಲೀಕರು ಬೇಡ. ಗಂಡ ಅಥವಾ ಹೆಂಡತಿಯೂ ಬಳಗದಲ್ಲಿ ಬೇಡ, ಆದರೆ ಅವರ ಮಾತನ್ನು ಬೇರೆಯಾಗಿ, ಮೊದಲೇ ಕೇಳಬೇಕು. ಎದುರಿಗೆ ಕೂರಿಸಿ "ನಿಮ್ಮ ಅಭ್ಯಂತರ ಇಲ್ಲ ಅಲ್ವಾ?" ಎಂದು ಕೇಳಿದರೆ "ಇಲ್ಲ" ಎಂದೇ ಬರುವುದು, ಅದಕ್ಕೆ ಬೆಲೆಯಿಲ್ಲ.

ನಮ್ಮ ಸೀಮೆಗೇ ಸೇರಿದ ತೊಡಕೊಂದಿದೆ. ಒಂದೇ ಚರ್ಚಿನ ಬೆಂಚಿನಲ್ಲಿ ತೋಟದ ಸಾಹುಕಾರರೂ ಅವರ ತೋಟದ ಮೇಸ್ತ್ರಿಯೂ ಕೂರುತ್ತಾರೆ. ಇಬ್ಬರನ್ನೂ ಒಂದೇ ಬಳಗಕ್ಕೆ ಹಾಕಿದರೆ ಮೇಸ್ತ್ರಿ ತುಟಿ ಬಿಚ್ಚುವುದಿಲ್ಲ. ಹಿರಿಯರ ಮುಂದೆ ಕಿರಿಯರೂ ಹಾಗೆಯೇ, ಫಾದರ್ ಅಥವಾ ಅಯ್ಯನವರು ಕೂತಿದ್ದರೆ ಎಲ್ಲರೂ ಹಾಗೆಯೇ. ಅದಕ್ಕೆ ಎರಡು ಉಪಾಯ: ಪಾದ್ರಿಗಳನ್ನು ಪ್ರಾರಂಭದ ಪ್ರಾರ್ಥನೆಗೆ ಕರೆದು, ಕಾಫಿ ಕೊಟ್ಟು, ಗೌರವದಿಂದ ಬೀಳ್ಕೊಡಿ, ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಿ, ಒಬ್ಬರು ಗಟ್ಟಿಯಾಗಿ ಓದಲಿ. ಬಾಯಲ್ಲಿ ಬಾರದ ಪ್ರಶ್ನೆ ಚೀಟಿಯಲ್ಲಿ ಬರುತ್ತದೆ. ಕೊಂಕಣಿ, ತಮಿಳು, ಮಲಯಾಳಂ ಮನೆಮಾತಿನವರಿದ್ದರೆ ಅವರವರ ಮಾತಿನಲ್ಲೇ ಬರೆಯಲಿ, ಓದುವವರು ಕನ್ನಡದಲ್ಲಿ ಹೇಳಲಿ.

ಪ್ರಶ್ನೆ ಕೂಟ

ಕ್ವೇಕರ್ ಎಂಬ ಕ್ರೈಸ್ತ ಪಂಥದ ಸಭೆಗಳಲ್ಲಿ ಹದಿನೇಳನೇ ಶತಮಾನದಿಂದ ಒಂದು ಪದ್ಧತಿಯಿದೆ. ಮೊದಮೊದಲು ಮದುವೆಯಾಗಲು ಹೊರಟವರಿಗಾಗಿ ನಡೆಯುತ್ತಿತ್ತು, ಆಮೇಲೆ ಎಲ್ಲ ದೊಡ್ಡ ನಿರ್ಧಾರಗಳಿಗೂ ಬಂತು. ಕೆಲವರು ಸೇರುತ್ತಾರೆ, ಪ್ರಶ್ನೆ ಮಾತ್ರ ಕೇಳುತ್ತಾರೆ, ಬುದ್ಧಿ ಹೇಳುವುದಿಲ್ಲ. ನಮ್ಮ ಕಡೆ ಇದನ್ನು ಮಾಡಿಸುವುದು ಬಹಳ ಕಷ್ಟ, ಯಾಕೆಂದರೆ ಬುದ್ಧಿ ಹೇಳದೆ ಎರಡೂವರೆ ಗಂಟೆ ಕೂರುವ ಅಭ್ಯಾಸ ನಮಗಿಲ್ಲ.

ಆ ಎರಡೂವರೆ ಗಂಟೆಯನ್ನು ಹೀಗೆ ಹಂಚಿಕೊಳ್ಳಿ. ಮೊದಲ ಹತ್ತು ನಿಮಿಷ ಮೌನ, ಹಾಡೂ ಬೇಡ. ಮುಂದಿನ ಹದಿನೈದು ನಿಮಿಷ ಹೊರಟವರು ತಾವು ಬರೆದ ವಾಕ್ಯ ಓದಿ ವಿವರಿಸಲಿ, ನಡುವೆ ಯಾರೂ ಬಾಯಿ ಹಾಕಬಾರದು. ಆಮೇಲೆ ಒಂದೂವರೆ ಗಂಟೆ ಪ್ರಶ್ನೆ. ಒಂದು ಉತ್ತರಕ್ಕೂ ಮುಂದಿನ ಪ್ರಶ್ನೆಗೂ ನಡುವೆ ಅರ್ಧ ನಿಮಿಷ ಬಿಡಿ. ಒಳ್ಳೆಯ ಉತ್ತರ ಎಷ್ಟೋ ಸಲ ಆ ಅರ್ಧ ನಿಮಿಷದಲ್ಲಿ ಬರುತ್ತದೆ. ಕೊನೆಗೆ ಇಪ್ಪತ್ತೈದು ನಿಮಿಷ, ಕೇಳಿಸಿಕೊಂಡದ್ದನ್ನು ಒಬ್ಬೊಬ್ಬರಾಗಿ ತಿರುಗಿ ಹೇಳುವುದು: "ಮಕ್ಕಳ ವಿಷಯಕ್ಕೆ ಬಂದಾಗ ನಿಮ್ಮ ದನಿ ಏರಿತು, ಮನೆಯವರ ವಿಷಯಕ್ಕೆ ಬಂದಾಗ ಇಳಿಯಿತು." ಇಷ್ಟು ಹೇಳಿದರೆ ಸಾಕು. ಹತ್ತು ನಿಮಿಷ ಪ್ರಾರ್ಥನೆಯಲ್ಲಿ ಮುಗಿಸಿ. ಆವತ್ತೇ "ಹೂಂ" "ಊಹೂಂ" ಎಂಬ ತೀರ್ಮಾನ ಬೇಡ.

ಕೇಳಬಹುದಾದ ಪ್ರಶ್ನೆಗಳು: ಈ ಯೋಚನೆ ಬಂದು ಎಷ್ಟು ದಿನವಾಯಿತು? ಯಾರೂ ಹೊಗಳದಿದ್ದರೂ ಮಾಡುತ್ತೀರಾ? ಯಾವುದರಿಂದಾದರೂ ತಪ್ಪಿಸಿಕೊಂಡು ಹೋಗುತ್ತಿದ್ದೀರಾ? ಮನೆಯಲ್ಲಿ ಇದಕ್ಕೆ ಯಾರು ಹೆದರಿದ್ದಾರೆ, ಅವರ ಹೆದರಿಕೆ ಏನು? ಏನು ನಡೆದರೆ ನಿಲ್ಲಿಸಬೇಕು ಅಂತ ಅಂದುಕೊಂಡಿದ್ದೀರಿ? ಆ ಮಕ್ಕಳ ತಾಯ್ತಂದೆಯರನ್ನು ಕೇಳಿದಿರಾ? ಕೊನೆಯ ಪ್ರಶ್ನೆಗೆ ತಡವರಿಸುವವರೇ ಹೆಚ್ಚು.

ಕೇಳಬಾರದ್ದು "ಬೇಸಿಗೆ ರಜೆಯಲ್ಲಿ ಮಾಡಬಾರದಾ?" ಎಂಬಂಥದ್ದು. ಅದು ಪ್ರಶ್ನೆಯ ಅಂಗಿ ತೊಟ್ಟ ಸಲಹೆ. ನಡೆಸಿಕೊಡುವವರು ಅಲ್ಲೇ ತಡೆದು, "ಅಣ್ಣ, ಅದನ್ನ ಪ್ರಶ್ನೆ ಮಾಡಿ ಕೇಳಿ" ಎನ್ನಬೇಕು.

"ದೇವರೇ ನನಗೆ ಹೇಳಿದ್ದಾರೆ" ಎಂದು ಹೊರಟವರು ಹೇಳಿದರೆ ಕೂಟ ಅಲ್ಲಿಗೇ ಕೈಚೆಲ್ಲುತ್ತದೆ, ಯಾಕೆಂದರೆ ಎದುರು ಮಾತಾಡಿದರೆ ದೇವರಿಗೇ ಎದುರಾಡಿದಂತೆ. ವಾದ ಬೇಡ. ಅಪೊಸ್ತಲರ ಕೃತ್ಯಗಳು 13ನ್ನು ತೆರೆದು 2 ಮತ್ತು 3ನೇ ವಚನ ನಿಧಾನವಾಗಿ ಓದಿ. ಅಂತಿಯೋಕ್ಯದಲ್ಲಿ ಸಭೆಯ ಮುಂದಾಳುಗಳು ಒಟ್ಟಿಗೆ ಉಪವಾಸವಿದ್ದು ಆರಾಧಿಸುತ್ತಿದ್ದಾಗ ಪವಿತ್ರಾತ್ಮರ ಮಾತು ಬಂತು. ಬಂದ ಕೂಡಲೇ ಬಾರ್ನಬರನ್ನೂ ಸೌಲರನ್ನೂ (ಇವರೇ ಮುಂದೆ ಪೌಲ) ಹಡಗು ಹತ್ತಿಸಲಿಲ್ಲ. ಮತ್ತೊಮ್ಮೆ ಉಪವಾಸ ಮಾಡಿ ಪ್ರಾರ್ಥಿಸಿ, ಆಮೇಲೆ ಕೈಯಿಟ್ಟು ಕಳಿಸಿದರು. ದೇವರ ಮಾತು ಎಂದು ಗೊತ್ತಾದ ಮೇಲೂ ಒಂದು ಸುತ್ತು ಉಳಿದಿತ್ತು. ಆ ಸುತ್ತನ್ನೇ ನಾವು ಕೇಳುತ್ತಿರುವುದು.

ಕೂಟದ ನಂತರ ಏಳು ದಿನ ಯಾರಿಗೂ ಹೇಳದೆ ಸುಮ್ಮನಿರಿ. ಧ್ಯಾನಕೂಟದ ಕೊನೆಯ ರಾತ್ರಿ, ಹಾಡು ಏರಿದಾಗ, ವೇದಿಕೆ ಹತ್ತಿ ಕೊಟ್ಟ ಮಾತುಗಳು ಬಹುಪಾಲು ಈ ಏಳು ದಿನ ದಾಟುವುದಿಲ್ಲ. ದಾಟಿದವಕ್ಕೆ ತೂಕವಿದೆ.

ಲೆಕ್ಕ

ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಎಣಿಸುತ್ತಾನೆ ಎಂದು ಲೂಕ 14:28 ಹೇಳುತ್ತದೆ. ಯೆರೂಸಲೇಮಿನ ಗೋಡೆ ಕಟ್ಟಲು ಹೊರಟ ನೆಹೆಮೀಯನೂ ರಾಜನ ಹತ್ತಿರ ಬರೀ ರಜೆ ಕೇಳಲಿಲ್ಲ: ಅಧಿಪತಿಗಳಿಗೆ ಪತ್ರ ಕೇಳಿದ, ಮರಮಟ್ಟಿಗೆ ಚೀಟಿ ಕೇಳಿದ, ಎಷ್ಟು ದಿನದಲ್ಲಿ ಬರುತ್ತೇನೆ ಎಂದೂ ಹೇಳಿದ. ಯೆರೂಸಲೇಮಿಗೆ ಹೋದ ಮೇಲೂ ಕೆಲವರನ್ನು ಮಾತ್ರ ಕರೆದುಕೊಂಡು ರಾತ್ರಿಯಲ್ಲಿ ಗೋಡೆ ನೋಡಿ ಬಂದು, ಆಮೇಲೆ ಜನರ ಮುಂದೆ ಬಾಯಿಬಿಟ್ಟ. ಲೆಕ್ಕ ಹಾಕುವುದು ಅವಿಶ್ವಾಸ ಎನ್ನುವವರಿಗೆ ನೆಹೆಮೀಯನ ಎರಡನೇ ಅಧ್ಯಾಯ ಓದಿಸಿ.

ನಮ್ಮ ಟೀಚರ ಲೆಕ್ಕ ಹೀಗಿದೆ ಎಂದುಕೊಳ್ಳಿ. ಮೊತ್ತಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ. ಮನೆ ಖರ್ಚಿಗೆ ಆಕೆಯ ಪಾಲು ತಿಂಗಳಿಗೆ 9,000 ರೂ., ನಾಲ್ಕು ತಿಂಗಳಿಗೆ 36,000. ಹೋಗಿಬರಲು 22 ಕಿ.ಮೀ., ತಿಂಗಳಿಗೆ 24 ದಿನ, ಸ್ಕೂಟರ್ ಲೀಟರಿಗೆ 40 ಕೊಟ್ಟರೆ 13 ಲೀಟರಿನ ಮೇಲೆ. ಪೆಟ್ರೋಲಿಗೆ 1,400ರಂತೆ 5,600. ಪುಸ್ತಕ, ಸ್ಲೇಟು, ಪೆನ್ಸಿಲ್ ಮಗುವಿಗೆ 150ರಂತೆ 25 ಮಕ್ಕಳಿಗೆ 3,750. ತಾರ್ಪಾಲು, ಚಾಪೆ, ಕಪ್ಪುಹಲಗೆಗೆ 4,000. ಬಾಳೆಹಣ್ಣು ಅಥವಾ ಕಡಲೆಬೀಜ ಬೆಲ್ಲ, ಮಗುವಿಗೆ ದಿನಕ್ಕೆ 8 ರೂ. ಲೆಕ್ಕದಲ್ಲಿ ತಿಂಗಳಿಗೆ 4,800, ನಾಲ್ಕು ತಿಂಗಳಿಗೆ 19,200. ಒಟ್ಟು 68,550. ಕೈಮೀರುವ ಖರ್ಚಿಗೆ ನೂರಕ್ಕೆ ಹತ್ತು ಸೇರಿಸಿದರೆ 75,500ಕ್ಕೆ ಹತ್ತಿರ.

ಈಗ ಬರುವ ಕಡೆ. 18 ಮನೆ ತಿಂಗಳಿಗೆ 500, 6 ಮನೆ 1,000 ಎಂದು ಒಪ್ಪಿದರೆ ತಿಂಗಳಿಗೆ 15,000, ನಾಲ್ಕು ತಿಂಗಳಿಗೆ 60,000. ಉಳಿದ 15,500 ಶುರುವಾಗುವ ಮೊದಲೇ ಕೈಯಲ್ಲಿರಬೇಕು. ಇಲ್ಲಿಗೆ ಸರಿಹೋಯಿತು ಎಂದು ಪುಸ್ತಕ ಮುಚ್ಚಬೇಡಿ. ಒಪ್ಪಿದ ಹಣದಲ್ಲಿ ಕಾಲು ಭಾಗ ಬರುವುದಿಲ್ಲ ಎಂದೇ ಹಿಡಿದು ಇನ್ನೊಮ್ಮೆ ಎಣಿಸಿ: 45,000 ಮತ್ತು 15,500 ಸೇರಿ 60,500. ತಿಂಡಿ ಬಿಟ್ಟು ಉಳಿದ ಖರ್ಚು 49,350. ಮಿಕ್ಕುವುದು 11,150. ಅಂದರೆ ತಿಂಡಿ ವಾರಕ್ಕೆ ಆರು ದಿನದ ಬದಲು ಮೂರು ದಿನವಾಗುತ್ತದೆ, ಆಕೆಯ ಮನೆ ಬಾಡಿಗೆ ನಿಲ್ಲುವುದಿಲ್ಲ. ಏನು ಮೊದಲು ಕಡಿತ ಎಂದು ನವೆಂಬರಿನಲ್ಲೇ ತೀರ್ಮಾನಿಸಿ. ಜನವರಿಯಲ್ಲಿ, ದುಡ್ಡಿಲ್ಲದ ಹೊತ್ತಲ್ಲಿ, ಕಡಿತವಾಗುವುದು ಯಾವಾಗಲೂ ಹೊರಟವರ ಪಾಲೇ, ಅದೂ ಅವರು ಬಾಯಿಬಿಟ್ಟು ಹೇಳದ ಹಾಗೆ.

ಹಣ ಆಕೆಯ ಸ್ವಂತ ಖಾತೆಗಾಗಲಿ, ಗೂಗಲ್ ಪೇಗಾಗಲಿ ಬರಬಾರದು. ಬಳಗದ ಇಬ್ಬರ ಹೆಸರಿನಲ್ಲಿ ಜಂಟಿ ಖಾತೆ ತೆರೆದು, ಇಬ್ಬರೂ ಸಹಿ ಹಾಕಿದರೆ ಮಾತ್ರ ಹಣ ತೆಗೆಯುವಂತೆ ಮಾಡಿ. ತಿಂಗಳ 5ನೇ ತಾರೀಕಿನೊಳಗೆ ಮನೆಖರ್ಚಿನ ಪಾಲು ಆಕೆಗೆ ಕೇಳದೆ ತಲುಪಬೇಕು. ಪ್ರತಿ ತಿಂಗಳೂ ಕೈಚಾಚುವಂತಾದರೆ ಮಾನ ಉಳಿಯುವುದಿಲ್ಲ. ದುಬೈಯಲ್ಲಿರುವ ಸಂಬಂಧಿಕರು ಭಾರತದ ಪಾಸ್‌ಪೋರ್ಟಿನವರಾಗಿ, ಸ್ವಂತ ದುಡಿಮೆಯಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಹೊರದೇಶದ ಪೌರರು ಅಥವಾ ಅಲ್ಲಿಯ ಚರ್ಚು ಕಳಿಸಿದರೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು. ಅದಿಲ್ಲದ ಬಳಗ ಅಂಥ ಹಣ ಮುಟ್ಟಬಾರದು.

ಸಮಯವನ್ನೂ ಹೀಗೆಯೇ ಬರೆಸಿ. "ಏನಾದ್ರೂ ಇದ್ರೆ ಹೇಳಿ" ಎನ್ನುವವರ ಹೆಸರು ಹಾಳೆಯಲ್ಲಿ ಸೇರುವುದಿಲ್ಲ. "ಮಂಗಳವಾರ ಬೆಳಗ್ಗೆ 9:30ಕ್ಕೆ ನಾನು ಜೊತೆಗೆ ಹೋಗ್ತೀನಿ", "ಶನಿವಾರ ಅವರ ಅಮ್ಮನ ಜೊತೆ ನಾನಿರ್ತೀನಿ", "ಸ್ಕೂಟರ್ ಕೆಟ್ಟರೆ ನಮ್ಮದು ತಗೊಂಡು ಹೋಗಲಿ": ಹೀಗಿದ್ದರೆ ಸೇರುತ್ತದೆ.

ತೋಟದ ಪಂಚಾಂಗ, ಆನೆಯ ದಾರಿ

ಕಾಫಿ ಸೀಮೆಯಲ್ಲಿ ಹೆಚ್ಚಿನ ಯೋಜನೆಗಳು ಮಣ್ಣುಪಾಲಾಗುವುದು ಕ್ಯಾಲೆಂಡರ್ ನೋಡದೆ. ಅರೇಬಿಕಾ ಹಣ್ಣು ನವೆಂಬರಿನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕೊಯ್ಲಿಗೆ ಬಂದವರ ಮಕ್ಕಳು ಲೈನಿನಲ್ಲಿ ಉಳಿಯುವುದು ಆಗಲೇ, ಅದಕ್ಕೇ ಪಾಠ ಡಿಸೆಂಬರಿನಿಂದ ಮಾರ್ಚ್. ಆದರೆ ಬೆಂಬಲಕ್ಕೆ ನಿಂತ ಸಭೆಯವರೂ ಅದೇ ನಾಲ್ಕು ತಿಂಗಳು ಕೊಯ್ಲಿನಲ್ಲಿ, ಕಣದಲ್ಲಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮುಂದೆ ಇರುತ್ತಾರೆ. ಸೆಪ್ಟೆಂಬರಿನಲ್ಲಿ ಬಿಡುವಿನಲ್ಲಿ ಕೂತು ಒಪ್ಪಿದ "ವಾರಕ್ಕೊಂದು ದಿನ" ಜನವರಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ಸಮಯ ಕೇಳುವಾಗ ತೋಟವಿಲ್ಲದವರನ್ನು ಕೇಳಿ: ಪೇಟೆಯಲ್ಲಿರುವವರು, ನಿವೃತ್ತರು, ಸಿಸ್ಟರ್‌ಗಳು.

ದುಡ್ಡಿನದೂ ಇದೇ ಕಥೆ. ಬೆಳೆಗಾರರ ಕೈಗೆ ಹಣ ಬರುವುದು ಕಾಫಿ ಮಾರಿದ ಮೇಲೆ. ಡಿಸೆಂಬರಿನಲ್ಲಿ ಅವರ ಹತ್ತಿರ ಇರುವುದು ಕೂಲಿ ಬಟವಾಡೆಯ ಚಿಂತೆ ಮಾತ್ರ. ಅವರಿಂದ ಮಾರ್ಚ್‌ನ ಕಂತನ್ನು ಬರೆಸಿಕೊಳ್ಳಿ, ಅಥವಾ ಹೋದ ಬೆಳೆಯ ದುಡ್ಡಿರುವಾಗಲೇ ಒಟ್ಟಿಗೆ ಪಡೆಯಿರಿ. ಕೂಲಿ ಕೆಲಸದ ಮನೆಗಳಿಗೆ ತಿಂಗಳಿಗೆ 500 ಎಂದರೆ ಭಾರ, ವಾರದ ಬಟವಾಡೆಯ ದಿನ 125 ಎಂದರೆ ಕೊಡುತ್ತಾರೆ.

ಪ್ರಶ್ನೆ ಕೂಟ ಸೆಪ್ಟೆಂಬರಿನಲ್ಲಿ ಇಟ್ಟುಕೊಳ್ಳಿ. ಆರಿದ್ರೆಯಿಂದ ಆಶ್ಲೇಷದವರೆಗೆ ಸಕಲೇಶಪುರ, ಮೂಡಿಗೆರೆ ಕಡೆ ಮಳೆ, ಕರೆಂಟು, ರಸ್ತೆ ಮೂರೂ ನಂಬುವಂತಿಲ್ಲ. ಅಕ್ಟೋಬರಿನ ದಸರಾ ರಜೆಯಲ್ಲಿ, ಕೆಲಸ ಬಿಡುವ ಮೊದಲೇ, ಹತ್ತು ದಿನ ಪ್ರಯೋಗ ಮಾಡಿ. ಮಾಲೀಕರ ಲಿಖಿತ ಒಪ್ಪಿಗೆ ಸಿಗುತ್ತದೆಯೇ, ನೆರಳು ನೀರು ಶೌಚಾಲಯ ಇವೆಯೇ, ಮೂರು ಗಂಟೆ ಪಾಠ ಮಾಡಿ 11 ಕಿ.ಮೀ. ವಾಪಸು ಬಂದು ಮನೆಗೆಲಸ ಮಾಡುವ ಶಕ್ತಿ ಇದೆಯೇ ಎಂಬುದು ಹತ್ತು ದಿನದಲ್ಲಿ ಗೊತ್ತಾಗುತ್ತದೆ. ಶಕ್ತಿ ಇಲ್ಲ ಎಂದು ಗೊತ್ತಾದರೂ ಅದು ಲಾಭವೇ, ಕೆಲಸ ಇನ್ನೂ ಕೈಯಲ್ಲಿದೆ.

ಆನೆಯ ವಿಷಯ ಲಘುವಾಗಿ ತೆಗೆದುಕೊಳ್ಳಬೇಡಿ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ತಾಲೂಕುಗಳಲ್ಲಿ ತೋಟದೊಳಗೇ ಹಿಂಡು ನಿಂತಿರುತ್ತದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಹಿಂಡು ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ಹೊರಡುವ ಮೊದಲು ಅದನ್ನು ನೋಡುವ ಹೊಣೆ ಬಳಗದ ಒಬ್ಬರಿಗೆ ವಹಿಸಿ, ಆಕೆಗಲ್ಲ. ಹೊರಟವರಿಗೆ "ಇವತ್ತು ಒಂದಿನ ಹೋದರೆ ಏನಾಗುತ್ತೆ" ಎನಿಸುತ್ತದೆ. ಹಿಂಡು ಆ ಭಾಗದಲ್ಲಿದ್ದರೆ ರಜೆ, ಚರ್ಚೆಯಿಲ್ಲ. ಲೈನಿನಲ್ಲಿ ಸಂಜೆ ಪ್ರಾರ್ಥನೆ ಇಟ್ಟುಕೊಳ್ಳುವ ಸಭೆಗಳೂ ಐದು ಗಂಟೆಯೊಳಗೆ ಎಲ್ಲರೂ ಮನೆ ಸೇರುವಂತೆ ಮುಗಿಸಬೇಕು. ಕತ್ತಲಲ್ಲಿ ಕಾಫಿ ಗಿಡದ ನಡುವೆ ನಿಂತ ಆನೆ ಹತ್ತು ಅಡಿ ದೂರದಲ್ಲಿದ್ದರೂ ಕಾಣುವುದಿಲ್ಲ.

ಕಳಿಸುವ ಭಾನುವಾರ

ನವೆಂಬರಿನ ಕೊನೆಯ ಭಾನುವಾರ, ಐದೇ ನಿಮಿಷ. ಹೊರಟವರನ್ನು ಮುಂದೆ ಕರೆದು, ಬಳಗದ ಐವರೂ ಜೊತೆಗೆ ನಿಂತು, ಹೊರಟವರು ಮೊದಲು ಬರೆದ ಆ ಒಂದು ವಾಕ್ಯ ಓದಿ, ಯಾರು ಏನು ಕೊಡುತ್ತಾರೆ ಎಂಬುದನ್ನು (ಮೊತ್ತ ಬಿಟ್ಟು) ಓದಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ. ಶಾಲು, ಹಾರ ಬೇಡ. ಸನ್ಮಾನ ಮಾಡಿಸಿಕೊಂಡವರಿಗೆ ನಡುವೆ "ಆಗುತ್ತಿಲ್ಲ" ಎಂದು ಹೇಳಲು ಬಾಯಿ ಬರುವುದಿಲ್ಲ.

ನಡುವೆ ಕೆಡುವುದು

ಆರನೇ ವಾರದ ಹೊತ್ತಿಗೆ, ಕ್ರಿಸ್ಮಸ್ ಸಡಗರ ಮುಗಿದು ಜನವರಿಯ ಚಳಿಯಲ್ಲಿ, ಉತ್ಸಾಹ ಇಳಿಯುತ್ತದೆ. 25 ಮಕ್ಕಳಲ್ಲಿ 14 ಬರುತ್ತಾರೆ. ಉಳಿದವರು ತಮ್ಮ ತಂಗಿಯರನ್ನು ಎತ್ತಿಕೊಂಡು ಲೈನಿನಲ್ಲೇ ಕೂತಿರುತ್ತಾರೆ. ಇಂಥ ಹೊತ್ತಿಗೆ ಯೇಸುಸಭೆ (ಜೆಸ್ವಿಟ್) ಕಟ್ಟಿದ ಸಂತ ಇಗ್ನೇಷಿಯಸ್ ಲೊಯೊಲಾ ಕೊಟ್ಟ ನಿಯಮ ಉಪಯೋಗಕ್ಕೆ ಬರುತ್ತದೆ: ಮನಸ್ಸು ಬತ್ತಿದ ಹೊತ್ತಿನಲ್ಲಿ, ಮನಸ್ಸು ತಿಳಿಯಾಗಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು. ನಿಲ್ಲಿಸಬೇಕೆನಿಸಿದರೆ ಬಳಗಕ್ಕೆ ಹೇಳಿ, ಎರಡು ವಾರ ಮುಂದಕ್ಕೆ ಹಾಕಿ, ಆ ಎರಡು ವಾರದಲ್ಲಿ ಎರಡು ದಿನ ಪೂರ್ತಿ ರಜೆ ತೆಗೆದುಕೊಳ್ಳಿ. ಒಂದನೇ ಅರಸುಗಳು 19ರಲ್ಲಿ ಎಲೀಯ ಸಾಯಬೇಕು ಎಂದು ಮಲಗಿದಾಗ ದೂತ ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ಮುಂದಿನ ಕೆಲಸದ ಅಪ್ಪಣೆ ಬಂದದ್ದು ಎಷ್ಟೋ ದಿನದ ಮೇಲೆ.

ಬಳಗ ವಾರಕ್ಕೆ ಒಂದು ಸಲ, ಅರ್ಧ ಗಂಟೆ, ಫೋನಿನಲ್ಲಾದರೂ ಮಾತಾಡಲೇಬೇಕು. ಮೂರು ಪ್ರಶ್ನೆ ಸಾಕು: ಈ ವಾರ ಏನಾಯಿತು, ನಿದ್ದೆ ಬರುತ್ತಿದೆಯಾ, ಯಾರು ಒಪ್ಪಿದ್ದನ್ನು ಮಾಡಲಿಲ್ಲ? ಮೂರನೆಯದನ್ನು ಕೇಳುವುದು ನಿಷ್ಠುರದವರ ಕೆಲಸ.

ಮಕ್ಕಳಿರುವ ಕಡೆ ಕೆಲವು ನಿಯಮ ಮುರಿಯುವಂತಿಲ್ಲ. ಯಾವ ಹೊತ್ತಿನಲ್ಲೂ ಇಬ್ಬರು ದೊಡ್ಡವರಿರಬೇಕು. ಮಕ್ಕಳ ಫೋಟೋ ಸಭೆಯ ವಾಟ್ಸಾಪಿಗೆ ಹಾಕಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂಬುದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. "ಚರ್ಚಿನ ಮರ್ಯಾದೆ" ಎಂದು ಒಳಗೇ ತೀರ್ಮಾನ ಮಾಡಿದರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098. ತಿಂಡಿಗೂ ಪ್ರಾರ್ಥನೆಗೂ ನಂಟು ಹಾಕಬೇಡಿ. ಮನೆಯವರ ನಂಬಿಕೆ ಏನೇ ಇರಲಿ, ಓದಲು ಬಂದ ಮಗುವಿಗೆ ಓದು. ತಾಯ್ತಂದೆಗೆ ಹೇಳದ ಯಾವುದೂ ಆ ಮೂರು ಗಂಟೆಯಲ್ಲಿ ನಡೆಯಬಾರದು. ಕಾನೂನಿಗೆ ಹೆದರಿ ಹೇಳುತ್ತಿರುವ ಮಾತಲ್ಲ ಇದು. ಹಸಿದ ಮಗುವಿನ ಹೂಂಗುಟ್ಟುವಿಕೆಯನ್ನು ವಿಶ್ವಾಸ ಎಂದು ಎಣಿಸುವುದು ಸುವಾರ್ತೆಗೇ ಅವಮಾನ. ಇನ್ನು 6ರಿಂದ 14 ವರ್ಷದ ಮಗುವನ್ನು ವರ್ಷದ ನಡುವೆಯೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಮೊದಲ ವಾರವೇ ಕಾಣಿ.

ಇನ್ನೊಂದು ಬಗೆಯ ಸಾಹಸದ ಬಗ್ಗೆ ಎಚ್ಚರಿಕೆ ಹೇಳಲೇಬೇಕು: ಕುಡಿತ ಬಿಡುತ್ತೇನೆ ಎಂದವರನ್ನು ಮನೆಯಲ್ಲಿಟ್ಟುಕೊಂಡು ಪ್ರಾರ್ಥನೆಯಿಂದ ಬಿಡಿಸಲು ಹೊರಡುವುದು. ದಿನಾ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಮೈ ನಡುಕ, ಜ್ವರ, ಇಲ್ಲದ್ದು ಕಾಣುವುದು, ಕೂಗಾಡುವುದು ಶುರುವಾಗಬಹುದು. ಇದನ್ನು ದೆವ್ವ ಎಂದು ತಿಳಿದು ಕೈಕಾಲು ಕಟ್ಟಿ ಉಪವಾಸ ಪ್ರಾರ್ಥನೆಗೆ ಕೂತರೆ ಆ ಮನುಷ್ಯ ಸಾಯಬಹುದು. ಮದ್ಯಕ್ಕೆ ಒಗ್ಗಿಹೋದ ಮಿದುಳು ಅದು ಸಿಗದಾಗ ಹತೋಟಿ ತಪ್ಪುವುದರಿಂದ ಹೀಗಾಗುತ್ತದೆ, ಅದಕ್ಕೆ ಔಷಧಿಯಿದೆ. ಮೊದಲು ಜಿಲ್ಲಾ ಆಸ್ಪತ್ರೆ, ಹಾಸನದಲ್ಲಾದರೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಿಮ್ಸ್. ದಾರಿ ಕೇಳಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416. ಬಳಗದ ಕೆಲಸ ಶುರುವಾಗುವುದು ಆಸ್ಪತ್ರೆಯಿಂದ ಬಂದ ದಿನ: ಸಂತೆಯ ದಿನ ಜೊತೆಗಿರುವುದು, ಬಟವಾಡೆಯ ಹಣ ಹೆಂಡತಿಯ ಕೈಗೆ ಹೋಗುವಂತೆ ಅವರಿಬ್ಬರನ್ನೂ ಒಪ್ಪಿಸುವುದು, ಮತ್ತೆ ಕುಡಿದು ಬಂದ ರಾತ್ರಿಯೂ ಬಾಗಿಲು ತೆರೆಯುವುದು.

ಜಗಳಗಳಾಗುತ್ತವೆ. ಬಾರ್ನಬ ಪೌಲರೇ ಮಾರ್ಕನ ವಿಷಯಕ್ಕೆ ಕಿತ್ತಾಡಿ ಬೇರೆ ಬೇರೆ ದಾರಿ ಹಿಡಿದರು. ಅಪೊಸ್ತಲರ ಕೃತ್ಯಗಳು 15 ಅದನ್ನು ಮುಚ್ಚಿಡುವುದಿಲ್ಲ. ಬಳಗದಲ್ಲಿ ಇಬ್ಬರಿಗೆ ಹೊಂದದಿದ್ದರೆ ಒಬ್ಬರನ್ನು ಬಿಡಿಸಿ ಇನ್ನೊಬ್ಬರನ್ನು ಸೇರಿಸಿಕೊಳ್ಳಿ, ಕೆಲಸ ನಿಲ್ಲಿಸಬೇಡಿ.

ಮುಗಿಸುವುದು

ಮಾರ್ಚ್ 31ಕ್ಕೆ ಮುಗಿಯಿತು ಎಂದರೆ ಮುಗಿಯಿತು. ಮುಂದುವರಿಸುವುದಿದ್ದರೆ ಹೊಸ ವಾಕ್ಯ, ಹೊಸ ಕೂಟ, ಹೊಸ ಲೆಕ್ಕ. ಅಂತಿಯೋಕ್ಯಕ್ಕೆ ತಿರುಗಿ ಬಂದ ಪೌಲ ಬಾರ್ನಬರು ಸಭೆಯನ್ನು ಕೂಡಿಸಿ ನಡೆದದ್ದನ್ನೆಲ್ಲ ಹೇಳಿದರು (ಅಪೊಸ್ತಲರ ಕೃತ್ಯಗಳು 14:27). ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ ಹತ್ತು ನಿಮಿಷ ಕೇಳಿಕೊಳ್ಳಿ: ಎಷ್ಟು ಮಕ್ಕಳು ಬಂದರು, ಎಷ್ಟು ಮಕ್ಕಳು ಶಾಲೆ ಸೇರಿದರು, ಎಷ್ಟು ಮಕ್ಕಳು ಅಪ್ಪ ಅಮ್ಮನ ಜೊತೆ ಊರಿಗೆ ಹೋದರು, ಏನು ಕೈಗೂಡಲಿಲ್ಲ. ಊರಿಗೆ ಹೊರಟ ಮಕ್ಕಳ ಕೈಗೆ ಏನು ಕಲಿತರೆಂದು ಒಂದು ಹಾಳೆಯಲ್ಲಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆದುಕೊಡಿ, ಅಲ್ಲಿಯ ಮೇಷ್ಟರಿಗೆ ತೋರಿಸಲು ಬರುತ್ತದೆ.

ನಡುವೆಯೇ ನಿಂತುಹೋಗಿದ್ದರೂ ಈ ಹತ್ತು ನಿಮಿಷ ತಪ್ಪಿಸಬೇಡಿ. ಸೋತು ಬಂದವರು ಮೊದಲ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಎರಡನೇ ವಾರ ಬರುವುದೇ ಇಲ್ಲ. ಮೊದಲ ವಾರವೇ ಬಳಗದವರು ಮನೆಗೆ ಹೋಗಿ ಕರೆದುಕೊಂಡು ಬರಬೇಕು. ಕೆಲಸ ಹೋಗಿದ್ದರೆ ಬೇರೆ ಕೆಲಸ ಹುಡುಕುವುದೂ, ಸಿಗುವವರೆಗೆ ಎರಡು ತಿಂಗಳ ಮನೆಖರ್ಚಿನ ಪಾಲು ಕೊಡುವುದೂ ಬಳಗದ ಪಾಲಿಗೆ ಸೇರಿದ್ದು. ಈ 18,000 ರೂಪಾಯಿಗೂ ನವೆಂಬರಿನ ಹಾಳೆಯಲ್ಲೇ ಎರಡು ಮೂರು ಮನೆಯ ಹೆಸರು ಬರೆಸಿಡಿ, ಬೇಕಾದರೆ ಮಾತ್ರ ಕೊಡುವ ಷರತ್ತಿನ ಮೇಲೆ. ಲೆಕ್ಕದ ಪುಸ್ತಕವನ್ನು ಬಳಗದ ಹೊರಗಿನ ಒಬ್ಬರು ನೋಡಿ ಸಹಿ ಹಾಕಲಿ. ಮಿಕ್ಕ ಹಣ ಎಲ್ಲಿಗೆ ಹೋಗಬೇಕೆಂದು ಅದೇ ಹಾಳೆಯಲ್ಲಿ ಬರೆದಿದ್ದಿರೋ ಅಲ್ಲಿಗೇ ಕಳಿಸಿ, ಆಮೇಲೆ ಜಂಟಿ ಖಾತೆ ಮುಚ್ಚಿಸಿ.